ಗೆಳೆಯನ ಮೊದಲ ಹಿಮಾಲಯ ಶಿಖರ: ಕೇದಾರಕಂಠಕ್ಕೆ ಅವನನ್ನು ತಯಾರು ಮಾಡುವುದು ಹೇಗೆ?

ದೀಪಾವಳಿ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ನಾನು ಒಂದೆರಡು ಹಿಮಾಲಯ ಚಾರಣ ಮಾಡಿದ್ದೇನೆ. ಈಗ ಗೆಳೆಯನೊಬ್ಬ ಕೇದಾರಕಂಠಕ್ಕೆ ನಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾನೆ. ನಂದಿ ಬೆಟ್ಟಕ್ಕೂ ಬೈಕಲ್ಲೇ ಹೋದವನು ಅವನು. ಹೇಗೆ ತಯಾರು ಮಾಡ್ಲಿ?" ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಇದೇ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಬರೆದುಬಿಡುತ್ತೇನೆ. ಇದು ಮೊದಲ ಸಲ ಹೋಗುವವರಿಗಲ್ಲ, ಅವರನ್ನು ಕರೆದುಕೊಂಡು ಹೋಗುವ ನಿಮಗೆ.

ಮೊದಲು ಜಾಗದ ಬಗ್ಗೆ. ಕೇದಾರಕಂಠ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಎತ್ತರ ಸುಮಾರು 3,800 ಮೀಟರ್, ಅಂದರೆ 12,500 ಅಡಿ. ಇದು ಕೇದಾರನಾಥ ಅಲ್ಲ. ಕೇದಾರನಾಥ ಇರುವುದು ರುದ್ರಪ್ರಯಾಗ ಜಿಲ್ಲೆಯಲ್ಲಿ. ಇದನ್ನು ಗೆಳೆಯನ ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪ್ರಸಾದ ತರಲಿಲ್ಲ ಅಂತ ಬೈಸಿಕೊಳ್ಳುತ್ತಾನೆ. ಡೆಹ್ರಾಡೂನಿನಿಂದ ಸಾಂಕ್ರಿ ಎಂಬ ಹಳ್ಳಿಗೆ ಸುಮಾರು 200 ಕಿಲೋಮೀಟರ್, ಘಾಟಿ ರಸ್ತೆಯಲ್ಲಿ ಪೂರ್ತಿ ಒಂದು ದಿನ. ಸಾಂಕ್ರಿಯಿಂದ ಜೂಡಾ ಕಾ ತಾಲಾಬ್ ಎಂಬ ಕೆರೆಯ ಹತ್ತಿರ ಒಂದು ರಾತ್ರಿ, ಬೇಸ್ ಕ್ಯಾಂಪಿನಲ್ಲಿ ಒಂದು ರಾತ್ರಿ. ಮಾರನೇ ದಿನ ಕತ್ತಲಲ್ಲೇ ಎದ್ದು ಶಿಖರ. ಬಹುತೇಕ ತಂಡಗಳ ಲೆಕ್ಕ ಇದೇ.

ನಮ್ಮ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ, ಆದರೂ 1,930 ಮೀಟರ್. ಸಾಂಕ್ರಿ ಹಳ್ಳಿಯೂ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿದೆ. ನಮ್ಮ ಬೆಟ್ಟ ಮುಗಿಯುವ ಎತ್ತರದಲ್ಲಿ ಅಲ್ಲಿನ ನಡಿಗೆ ಶುರು. ಗೆಳೆಯನಿಗೆ ಇದೊಂದು ಮಾತು ಹೇಳಿದರೆ ಬೇರೆ ಪೀಠಿಕೆ ಬೇಡ.

ಹಂತ 1: ಫೋಟೋ ತೋರಿಸುವುದು ನಿಲ್ಲಿಸಿ

ನಾವು ಮಾಡುವ ಮೊದಲ ತಪ್ಪು ಇದು. ಒಂದು ವರ್ಷ ಕಳೆದರೆ ನಮಗೇ ಚಳಿ ಮರೆತಿರುತ್ತದೆ. ನೆನಪಿರುವುದು ಎದುರಿನ ಸ್ವರ್ಗಾರೋಹಿಣಿ ಶಿಖರದ ಮೇಲೆ ಬಿದ್ದ ಮೊದಲ ಬಿಸಿಲು. ಅದನ್ನೇ ಹೇಳಿ ಗೆಳೆಯನ ಆಸೆ ಹತ್ತಿಸುತ್ತೇವೆ. ಆಮೇಲೆ ಅವನು ಬೇಸ್ ಕ್ಯಾಂಪಿನಲ್ಲಿ ನಡುಗುತ್ತಾ "ಇದನ್ನ ಯಾಕೆ ಹೇಳಲಿಲ್ಲ?" ಅಂತ ಕೇಳುತ್ತಾನೆ.

ಶಿಖರದ ಬೆಳಗ್ಗೆ ಹೇಗಿರುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ರಾತ್ರಿ ಎರಡೋ ಮೂರೋ ಗಂಟೆಗೆ ಯಾರೋ ಟೆಂಟು ತಟ್ಟುತ್ತಾರೆ. ನಿದ್ದೆ ಸರಿಯಾಗಿ ಬಂದೇ ಇರುವುದಿಲ್ಲ. ಟೆಂಟಿನ ಒಳಗೋಡೆಯ ಮೇಲೆ ನಿಮ್ಮದೇ ಉಸಿರು ಮಂಜುಗಟ್ಟಿ ಅಂಟಿರುತ್ತದೆ, ಮೈ ತಾಗಿದರೆ ಪುಡಿಪುಡಿಯಾಗಿ ಕತ್ತಿಗೆ ಉದುರುತ್ತದೆ. ಬೂಟು ಹೊರಗೆ ಬಿಟ್ಟಿದ್ದರೆ ಲೇಸು ಕಡ್ಡಿಯ ಹಾಗೆ ಸೆಟೆದಿರುತ್ತದೆ. ಹಸಿವು ಇರುವುದಿಲ್ಲ, ಆದರೂ ತಿನ್ನಬೇಕು. ಹೊರಗೆ ಸೊನ್ನೆಗಿಂತ ಐದೋ ಹತ್ತೋ ಡಿಗ್ರಿ ಕೆಳಗೆ. ಆ ಹೊತ್ತಿನಲ್ಲಿ ಟಾರ್ಚು ಹಿಡಿದು ಶೌಚದ ಟೆಂಟಿಗೆ ಹೋಗಬೇಕು. ಅಲ್ಲಿ ನೆಲದಲ್ಲಿ ತೋಡಿದ ಗುಂಡಿ, ಪಕ್ಕದಲ್ಲಿ ಮಣ್ಣು, ಅಷ್ಟೇ. ಇಷ್ಟು ಕೇಳಿದ ಮೇಲೂ ಬರ್ತೀನಿ ಅಂದರೆ ಅವನು ನಿಜವಾಗಿ ಬರುತ್ತಾನೆ ಅಂತ ಅರ್ಥ.

ಹಂತ 2: ಡಾಕ್ಟರ ಹತ್ತಿರ ಒಮ್ಮೆ

ಆಸ್ತಮಾ, ಹೃದಯದ ತೊಂದರೆ, ಬಿಪಿ, ರಕ್ತಹೀನತೆ ಇದ್ದರೆ ಡಾಕ್ಟರ್ ಒಪ್ಪದೆ ಮುಂದುವರಿಯಬೇಡಿ. ಗರ್ಭಿಣಿಯರ ವಿಷಯವೂ ಅಷ್ಟೇ. ಬಹಳಷ್ಟು ಆಯೋಜಕರು ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಾರೆ. ಗುರುತಿನ ಡಾಕ್ಟರಿಂದ ಮೈ ಮುಟ್ಟಿಸದೇ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ಬೇಡ.

ಹಂತ 3: ಹತ್ತು ವಾರ, ಮೆಟ್ಟಿಲು

ಹತ್ತು ವಾರ ಸಿಕ್ಕರೆ ಚೆನ್ನ. ಎಂಟು ವಾರಕ್ಕಿಂತ ಕಡಿಮೆ ಇದ್ದು, ಗೆಳೆಯ ದಿನವೆಲ್ಲಾ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಾದರೆ, ತಾರೀಖನ್ನೇ ಮುಂದಕ್ಕೆ ಹಾಕಿ. ಬೆಟ್ಟ ಎಲ್ಲೂ ಹೋಗುವುದಿಲ್ಲ.

ಮೊದಲ ನಾಲ್ಕು ವಾರ ವಾರಕ್ಕೆ ನಾಲ್ಕು ದಿನ ಬಿರುಸು ನಡಿಗೆ, ನಡುನಡುವೆ ಓಟ. ಐದು ಕಿಲೋಮೀಟರನ್ನು 35ರಿಂದ 40 ನಿಮಿಷದಲ್ಲಿ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಮುಗಿಸುವಂತಾಗಬೇಕು. ಜಿಮ್ಮಿನಲ್ಲಿ ತೋಳು ಉಬ್ಬಿಸಿದ್ದರಿಂದ ಇಲ್ಲಿ ದೊಡ್ಡ ಉಪಯೋಗವಿಲ್ಲ. ದಪ್ಪ ತೋಳಿನವರು ಮೊದಲ ಏರಿನಲ್ಲೇ ಕೂತುಬಿಡುವುದನ್ನು ಪ್ರತಿ ಸಲ ನೋಡುತ್ತೇನೆ.

ಐದನೇ ವಾರದಿಂದ ಮೆಟ್ಟಿಲು. ಬೆನ್ನ ಮೇಲೆ ಐದಾರು ಕಿಲೋ ತೂಕದ ಬ್ಯಾಗು. ಅಕ್ಕಿ ಮೂಟೆ ಬೇಡ, ನೀರಿನ ಬಾಟಲಿ ತುಂಬಿ. ಸುಸ್ತಾದರೆ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ಲೆಕ್ಕ ಹೀಗಿದೆ: ಒಂದು ಮಹಡಿ ಸುಮಾರು 3 ಮೀಟರ್. ಬೇಸ್ ಕ್ಯಾಂಪಿನಿಂದ ಶಿಖರಕ್ಕೆ ಏರುವುದು ಸುಮಾರು 400 ಮೀಟರ್. ಹತ್ತು ಮಹಡಿಯ ಕಟ್ಟಡವಾದರೆ ಹದಿಮೂರು ಸಲ ಹತ್ತಿದ ಹಾಗೆ. ಒಂದೇ ದಿನ ಅಷ್ಟು ಬೇಡ. ಐದು ಸಲದಿಂದ ಶುರು ಮಾಡಿ ಹೆಚ್ಚಿಸುತ್ತಾ ಹೋಗಿ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯುತ್ತಾರೆ. ಮಂಡಿ ಸವೆಯುತ್ತದೆ ಅಂತ ಯಾರೋ ಹೇಳಿರುತ್ತಾರೆ. ಆದರೆ ಶಿಖರದ ದಿನ ಕಾಲು ಸೋಲುವುದು ಹೆಚ್ಚಾಗಿ ಇಳಿಯುವಾಗ. ಬಹಳ ತಂಡಗಳು ಅವತ್ತೇ ಬೇಸ್ ಕ್ಯಾಂಪಿಗಿಂತ ಕೆಳಗಿನ ಕ್ಯಾಂಪಿಗೆ ಇಳಿಯುತ್ತವೆ, ಅಂದರೆ ಹತ್ತಿದ್ದರ ಎರಡು ಪಟ್ಟು ಇಳಿತ. ತೊಡೆಗೆ ಅದರ ಅಭ್ಯಾಸ ಬೇಕು. ಇಳಿಯುವುದನ್ನೂ ಮೆಟ್ಟಿಲಲ್ಲೇ ಮಾಡಿಸಿ, ನಿಧಾನಕ್ಕೆ, ಧಪಧಪ ಸದ್ದು ಬರದ ಹಾಗೆ. ಮೊದಲೇ ಮಂಡಿ ನೋವಿದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಎಂಟನೇ ವಾರಕ್ಕೆ ನಿಜವಾದ ಬೆಟ್ಟ. ಬೆಂಗಳೂರಿನವರಿಗೆ ಶಿವಗಂಗೆ, ಸಾವನದುರ್ಗ ಇವೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಎರಡು ಸುತ್ತು ಸಾಕು. ನನ್ನನ್ನು ಕೇಳಿದರೆ ಅಸಲಿ ಪರೀಕ್ಷೆ ಕುಮಾರ ಪರ್ವತ. ಶಿಖರ 1,712 ಮೀಟರ್ ಅಷ್ಟೇ ಇರಬಹುದು, ಆದರೆ ಕುಕ್ಕೆಯಿಂದ ಹೊರಟರೆ ಒಟ್ಟು ಏರು 1,500 ಮೀಟರಿಗೂ ಜಾಸ್ತಿ. ದಾರಿ ನಡುವಿನ ಗಿರಿಗದ್ದೆ ಎಂಬ ಜಾಗ ದಾಟಿದ ಮೇಲಿನ ಬಯಲಿನಲ್ಲಿ ನೆರಳೇ ಇಲ್ಲ. ಅಲ್ಲಿ ಗೆಳೆಯನ ಮುಖ ನೋಡಿ, ನಿಮಗೇ ಉತ್ತರ ಸಿಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ವಿಚಾರಿಸಿಕೊಂಡೇ ಹೋಗಿ.

ಹೊರಡುವ ಮುಂಚಿನ ವಾರ ಬರೀ ನಡಿಗೆ. ಕೊನೇ ಗಳಿಗೆಯಲ್ಲಿ ಓಡಿ ಕಾಲು ಉಳುಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ.

ಹಂತ 4: ಬೂಟು, ಬಟ್ಟೆ

ದುಡ್ಡು ಖರ್ಚು ಮಾಡುವುದಿದ್ದರೆ ಬೂಟಿಗೆ ಮಾಡಲಿ. ಉಳಿದದ್ದು ಬಾಡಿಗೆಗೆ ಸಿಗುತ್ತದೆ, ನಿಮ್ಮ ಬೀರುವಿನಲ್ಲೂ ಇರುತ್ತದೆ.

ಬೂಟು ಕೊಳ್ಳಲು ಸಂಜೆ ಹೋಗಿ. ದಿನವೆಲ್ಲಾ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಆಗುತ್ತದೆ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲ ಜೊತೆಗಿರಲಿ. ಲೇಸು ಕಟ್ಟುವ ಮೊದಲು ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಆಮೇಲೆ ಲೇಸು ಕಟ್ಟಿ, ಅಂಗಡಿಯ ಮೆಟ್ಟಿಲು ಇಳಿದು ನೋಡಲಿ. ಹೆಬ್ಬೆರಳು ಮುಂದೆ ತಾಗಿದರೆ ಆ ಬೂಟು ಬೇಡ. ಇಳಿಜಾರಿನಲ್ಲಿ ಮೂರು ಗಂಟೆ ಹಾಗೇ ಬಡಿದರೆ ಉಗುರು ಕಪ್ಪಗಾಗಿ ಕಿತ್ತು ಬರುತ್ತದೆ. ಇದೇ ಕಾರಣಕ್ಕೆ ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಬೇಕು.

ಲೇಸು ಕಟ್ಟುವುದನ್ನೂ ಕೂರಿಸಿಕೊಂಡು ಕಲಿಸಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದವನ್ನು ಹಿಂದಕ್ಕೆ ಕೂರಿಸಬೇಕು. ಪಾದದ ಮೇಲಿನ ಲೇಸು ಸಾಧಾರಣ ಬಿಗಿ. ಕಾಲು ಮಡಿಯುವ ಜಾಗಕ್ಕೆ ಬಂದಾಗ ಎರಡೂ ಎಳೆಗಳನ್ನು ಒಂದಕ್ಕೊಂದು ಎರಡು ಸುತ್ತು ಸುತ್ತಿ ಎಳೆದರೆ ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಮೇಲಿನ ಕೊಕ್ಕೆಗಳು. ಹತ್ತುವಾಗ ಮೇಲುಗಡೆ ಸ್ವಲ್ಪ ಸಡಿಲ, ಇಳಿಯುವಾಗ ಬಿಗಿ. ಇದನ್ನು ಮನೆಯ ಬಾಲ್ಕನಿಯಲ್ಲಿ, ಲೈಟು ಆರಿಸಿ, ತೆಳು ಕೈಗವಸು ಹಾಕಿಕೊಂಡು ಮಾಡಲಿ. ಮೊದಲ ದಿನ ನಗುತ್ತಾನೆ. ಬೇಸ್ ಕ್ಯಾಂಪಿನಲ್ಲಿ ಅವನಿಗೆ ಇದು ನೆನಪಾಗುತ್ತದೆ.

ಹೊಸ ಬೂಟನ್ನು ನೇರ ಹಿಮಾಲಯಕ್ಕೆ ಒಯ್ಯಬಾರದು. ಕನಿಷ್ಠ 40–50 ಕಿಲೋಮೀಟರ್ ನಡೆದು ಪಳಗಿಸಿರಬೇಕು. ಪಳಗದ ಬೂಟು ಎರಡನೇ ದಿನವೇ ಬೊಬ್ಬೆ ಏಳಿಸುತ್ತದೆ.

ಬಟ್ಟೆಗೆ ಒಂದೇ ನಿಯಮ: ಹತ್ತಿ ಬಟ್ಟೆ, ಜೀನ್ಸ್ ಬೇಡ. ಬೆವರು ಹೀರಿದ ಹತ್ತಿ ಒಣಗುವುದಿಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಬೆವರು ಬೇಗ ಒಣಗುವ ಸಿಂಥೆಟಿಕ್ ಇಲ್ಲವೇ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಅಂದರೆ ಮೆತ್ತನೆ ಸ್ವೆಟರ್ ಥರದ್ದು. ಅದರ ಮೇಲೆ ದಪ್ಪ ಜಾಕೆಟ್, ಎಲ್ಲದಕ್ಕೂ ಹೊರಗೆ ಗಾಳಿ, ಹಿಮ ತಡೆಯುವ ಜರ್ಕಿನ್. ದಪ್ಪದ್ದೊಂದನ್ನೇ ಹಾಕುವುದಕ್ಕಿಂತ ಪದರ ಪದರವಾಗಿ ಹಾಕಿದರೆ ಬೇಕಾದಾಗ ತೆಗೆಯಬಹುದು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗಿದೆ ಅನ್ನಿಸಿದರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ.

ಮರೆಯಬಾರದವು ಇವು: ಎರಡು ಜೊತೆ ಕೈಗವಸು, ಕಿವಿ ಮುಚ್ಚುವ ಟೋಪಿ, ತಲೆಗೆ ಕಟ್ಟುವ ಟಾರ್ಚು, ಬಿಡಿ ಬ್ಯಾಟರಿ, ಊರುಗೋಲು, ಸನ್‌ಸ್ಕ್ರೀನ್, ಕಪ್ಪು ಕನ್ನಡಕ. ಕನ್ನಡಕ ಶೋಕಿಗಲ್ಲ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣವನ್ನು ಬಹುಪಾಲು ವಾಪಸು ಎರಚುತ್ತದೆ, ಒಂದೇ ದಿನದಲ್ಲಿ ಕಣ್ಣು ಉರಿದು ತೆರೆಯಲಾಗದ ಹಾಗಾಗುತ್ತದೆ. ಗೆಳತಿಯರು ಮುಟ್ಟಿನ ತಾರೀಖು ದೂರ ಇದ್ದರೂ ಪ್ಯಾಡ್ ಇಟ್ಟುಕೊಳ್ಳಿ. ಪ್ರಯಾಣ, ಎತ್ತರ ಸೇರಿ ದಿನ ಹೆಚ್ಚುಕಮ್ಮಿ ಆಗಬಹುದು. ಬಳಸಿದ್ದನ್ನು ಕಟ್ಟಿ ಕೆಳಗೆ ತರಬೇಕು, ಗುಂಡಿಗೆ ಹಾಕಬಾರದು.

ಹಂತ 5: ಎತ್ತರದ ಕಾಯಿಲೆ ಅಂದರೇನು, ಕೂತು ಹೇಳಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಒಂದೇ, ಸುಮಾರು ಶೇ. 21. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. 3,800 ಮೀಟರಿನಲ್ಲಿ ಅದು ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಪಾಲಿಗಿಂತಲೂ ಕಡಿಮೆ. ಒಂದೊಂದು ಉಸಿರಿಗೂ ಸಿಗುವುದು ಅಷ್ಟೇ. ಮೈ ಅದಕ್ಕೆ ಒಗ್ಗಿಕೊಳ್ಳಲು ಟೈಮು ಬೇಕು. ಟೈಮು ಕೊಡದಿದ್ದರೆ ಎತ್ತರದ ಕಾಯಿಲೆ ಬರುತ್ತದೆ. ಚಾರಣದವರು ಇದಕ್ಕೆ ಎಎಂಎಸ್ ಅನ್ನುತ್ತಾರೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಲಕ್ಷಣ: ತಲೆನೋವು, ಜೊತೆಗೆ ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು, ತಲೆಸುತ್ತು. ಫಿಟ್ ಆಗಿರುವವರಿಗೆ ಬರುವುದಿಲ್ಲ ಅನ್ನುವುದು ಸುಳ್ಳು. ಮ್ಯಾರಥಾನ್ ಓಡುವವರಿಗೂ ಬರುತ್ತದೆ, ಅವರಿಗೇ ಜಾಸ್ತಿ ಅಂದರೂ ತಪ್ಪಿಲ್ಲವೇನೋ, ಯಾಕೆಂದರೆ ಬೇಗ ಬೇಗ ಹತ್ತಿಬಿಡುತ್ತಾರೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರು ಕೊಡುವ ಸಲಹೆ. ಈಗ ನಮ್ಮ ದಾರಿ ನೋಡಿ. ಜೂಡಾ ಕಾ ತಾಲಾಬ್ ಸುಮಾರು 2,800 ಮೀಟರ್, ಬೇಸ್ ಕ್ಯಾಂಪ್ ಸುಮಾರು 3,400. ಒಂದೇ ದಿನಕ್ಕೆ 600 ಮೀಟರ್, ಅದರ ಬೆನ್ನಿಗೇ ಶಿಖರ. ಎಲ್ಲರೂ "ಹೊಸಬರ ಟ್ರೆಕ್" ಅನ್ನುವ ಈ ದಾರಿ ದೇಹದ ಲೆಕ್ಕದಲ್ಲಿ ಸ್ವಲ್ಪ ಅವಸರದ್ದೇ. ಒಂದು ದಿನ ಜಾಸ್ತಿ ಇರುವ ಪ್ಯಾಕೇಜು ಸಿಕ್ಕರೆ ಗೆಳೆಯನಿಗೆ ಅದನ್ನೇ ಕೊಡಿಸಿ.

ಗೆಳೆಯನಿಗೆ ಬಾಯಿಪಾಠ ಆಗಬೇಕಾದ್ದು ಮೂರು. ತಲೆನೋವು ಬಂದರೆ ಮುಚ್ಚಿಡದೆ ಹೇಳಬೇಕು. ಲಕ್ಷಣ ಇರುವಾಗ ಇನ್ನೂ ಮೇಲಕ್ಕೆ ಮಲಗಲು ಹೋಗಬಾರದು. ಕಡಿಮೆ ಆಗದೆ ಹೆಚ್ಚುತ್ತಿದ್ದರೆ ಕೆಳಗಿಳಿಯಬೇಕು, ರಾತ್ರಿಯಾದರೂ ಸರಿ. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂಬ ಸೂಚನೆ. ಮಾತು ತೊದಲಿದರೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ ಮಿದುಳು ಊದುತ್ತಿದೆ ಅಂತ. ಇವೆರಡರಲ್ಲಿ ಜೀವ ಹೋಗುತ್ತದೆ. "ಬೆಳಗ್ಗೆ ನೋಡೋಣ" ಅನ್ನುವ ಮಾತೇ ಇಲ್ಲ.

ಡಯಾಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಮೈ ಬೇಗ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ. ಮೂತ್ರ ಜಾಸ್ತಿ, ಬೆರಳು ಜುಮ್ಮೆನ್ನುತ್ತದೆ. ಸಲ್ಫಾ ಔಷಧಿ ಒಗ್ಗದವರು ಡಾಕ್ಟರಿಗೆ ಅದನ್ನು ಹೇಳಲೇಬೇಕು. ಬೇಕೋ ಬೇಡವೋ, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಲಿ, ನೀವಲ್ಲ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡಿ ಟೆಂಟಿನಲ್ಲಿ ಸ್ಪರ್ಧೆ ನಡೆಯುತ್ತದೆ, "ನಂದು 91, ನಿಂದೆಷ್ಟು?" ಅಂತ. ಆ ಎತ್ತರದಲ್ಲಿ ಅಂಕಿ ಇಳಿಯುವುದು ಸಹಜ. ಅಂಕಿಗಿಂತ ಮನುಷ್ಯನನ್ನು ನೋಡಿ.

ಹಂತ 6: ವಾಪಸಾಗುವ ಮಾತು ಊರಲ್ಲೇ ಆಗಲಿ

ಶಿಖರದ ಕೆಳಗೆ ನಿಂತು ತೀರ್ಮಾನ ಮಾಡಲು ಹೋದರೆ ಯಾರಿಗೂ ಬುದ್ಧಿ ಓಡುವುದಿಲ್ಲ. ಎರಡು ತಿಂಗಳ ತಯಾರಿ, ವಿಮಾನದ ಟಿಕೆಟ್, ಆಫೀಸಿನಲ್ಲಿ ಹೇಳಿಕೊಂಡದ್ದು ಎಲ್ಲಾ ತಲೆಯಲ್ಲಿರುತ್ತದೆ. ಅದಕ್ಕೇ ಮನೆಯಲ್ಲಿ ಕಾಫಿ ಕುಡಿಯುತ್ತಾ ಮಾತಾಡಿಕೊಳ್ಳಿ. ಇಷ್ಟು ಗಂಟೆಗೆ ಎಲ್ಲೇ ಇದ್ದರೂ ವಾಪಸ್. ಆ ಗಂಟೆ ಯಾವುದು ಅನ್ನುವುದು ಗೈಡ್ ಹೇಳಿದ್ದು, ಅದರ ಮೇಲೆ ಚರ್ಚೆ ಇಲ್ಲ. ಬಿಸಿಲು ಏರಿದರೆ ಹಿಮ ಮೆತ್ತಗಾಗಿ ಕಾಲು ಹುಗಿಯುತ್ತದೆ, ಇಳಿಯಲು ದುಪ್ಪಟ್ಟು ಹೊತ್ತು ಬೇಕಾಗುತ್ತದೆ.

ಇನ್ನೊಂದು ಮಾತು ನಿಮಗೆ ಕಷ್ಟದ್ದು. ಅವನು ವಾಪಸಾದರೆ ನೀವೂ ವಾಪಸಾಗುತ್ತೀರಾ? ಗೈಡ್ ಒಬ್ಬರು ಅವನ ಜೊತೆ ಇಳಿಯುತ್ತಾರೆ ಅಂತಾದರೆ ನೀವು ಮುಂದೆ ಹೋಗಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಈಗಲೇ ಹೇಳಿ. ಹೇಳದೇ ಇದ್ದರೆ, ನಿಮಗೆ ಬೇಜಾರಾಗುತ್ತದೆ ಅಂತ ಅವನು ತಲೆನೋವು ಮುಚ್ಚಿಟ್ಟುಕೊಂಡು ನಡೆಯುತ್ತಾನೆ. ನನ್ನ ಜೊತೆ ಬಂದವನೊಬ್ಬ ಹಾಗೇ ಮಾಡಿದ್ದ. ವಾಂತಿ ಆದ ಮೇಲಷ್ಟೇ ನನಗೆ ಗೊತ್ತಾಗಿದ್ದು. ತಪ್ಪು ಅವನದ್ದಲ್ಲ, ನಾನು ಕೇಳಿರಲಿಲ್ಲ.

ಹಂತ 7: ದಾರಿಯಲ್ಲಿ

ಡೆಹ್ರಾಡೂನಿಗೆ ಒಂದು ದಿನ ಮುಂಚೆಯೇ ತಲುಪಿ. ರಾತ್ರಿ ವಿಮಾನ ಇಳಿದು, ನಿದ್ದೆಗೆಟ್ಟು ಬೆಳಗ್ಗೆ ಆರಕ್ಕೆ ಜೀಪು ಹತ್ತಿದರೆ ಘಾಟಿಯಲ್ಲಿ ವಾಂತಿ ಗ್ಯಾರಂಟಿ. ನಗದು ಇಟ್ಟುಕೊಳ್ಳಿ, ದಾರಿಯಲ್ಲಿ ಸಿಗುವ ಪುರೋಲಾ ಪಟ್ಟಣ ದಾಟಿದ ಮೇಲೆ ಎಟಿಎಂ ನಂಬಬೇಡಿ. ನೆಟ್‌ವರ್ಕ್ ಸಿಗದೇ ಇರಬಹುದು ಅಂತ ಮನೆಯಲ್ಲಿ ಮೊದಲೇ ಹೇಳಿಟ್ಟಿರಿ. ಗೆಳೆಯನ ಅಮ್ಮ ನಿಮಗೇ ಫೋನ್ ಮಾಡುವುದು, ನೆನಪಿರಲಿ.

ನಡೆಯುವಾಗ ಅವನು ಮುಂದೆ, ನೀವು ಹಿಂದೆ. ನೀವು ಮುಂದಿದ್ದರೆ ನಿಮ್ಮ ಹೆಜ್ಜೆಗೆ ಅವನು ಓಡಬೇಕಾಗುತ್ತದೆ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ದಿನಕ್ಕೆ ಮೂರು ಲೀಟರ್ ಹತ್ತಿರ ಕುಡಿಯಬೇಕು. ಜೇಬಲ್ಲಿ ಕಡಲೆ ಮಿಠಾಯಿ, ಒಣದ್ರಾಕ್ಷಿ ಇರಲಿ. ಊಟ ಸೇರದಿದ್ದರೆ ಮನೆಯ ಚಟ್ನಿಪುಡಿ ಕೆಲಸ ಮಾಡುತ್ತದೆ, ಇದು ನನ್ನ ಅನುಭವ.

ರಾತ್ರಿ ಫೋನು, ಬ್ಯಾಟರಿ, ಮಾರನೇ ದಿನದ ಕಾಲುಚೀಲ ಎಲ್ಲಾ ಸ್ಲೀಪಿಂಗ್ ಬ್ಯಾಗಿನ ಒಳಗೆ. ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಾಗಿ ಬೆಳಗ್ಗೆ ಮುಚ್ಚಳದ ಕಡೆ ನೀರು ಉಳಿದಿರುತ್ತದೆ.

ಹಂತ 8: ಶಿಖರ ಮತ್ತು ಇಳಿತ

ಹಿಮ ಇದ್ದರೆ ಗೈಡ್‌ಗಳು ಮೈಕ್ರೋಸ್ಪೈಕ್ಸ್ ಕೊಡುತ್ತಾರೆ. ಬೂಟಿಗೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಉಕ್ಕಿನ ಹಲ್ಲುಗಳು. ಮೊದಲು ಬೆರಳ ಕಡೆ ಸಿಕ್ಕಿಸಿ, ಆಮೇಲೆ ಹಿಮ್ಮಡಿಗೆ ಎಳೆಯಬೇಕು. ಹಾಕಿದ ಮೇಲೆ ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು, ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತಾನೆ.

ಶಿಖರದಲ್ಲಿ ಫೋಟೋಗೆ ಅಂತ ಕೈಗವಸು ಬಿಚ್ಚಿದವರು ಮತ್ತೆ ಹಾಕಲು ಒದ್ದಾಡುತ್ತಾರೆ. ಫೋಟೋ ನೀವು ತೆಗೆಯಿರಿ, ಅವನ ಕೈ ಬೆಚ್ಚಗಿರಲಿ. ಹದಿನೈದು ಇಪ್ಪತ್ತು ನಿಮಿಷ ಸಾಕು.

ಇಳಿಯುವಾಗ ಯಾರಾದರೂ ಹಿಮದ ಮೇಲೆ ಕೂತು ಜಾರುತ್ತಾ ಹೋಗುತ್ತಾರೆ. ನೋಡಲು ಮಜಾ. ಗೆಳೆಯನೂ ಹಾಗೇ ಮಾಡಲು ಹೋಗುತ್ತಾನೆ. ಮೈಕ್ರೋಸ್ಪೈಕ್ಸ್ ಹಾಕಿಕೊಂಡು ಜಾರಲೇಬಾರದು. ಜಾರುವ ವೇಗದಲ್ಲಿ ಹಲ್ಲು ಹಿಮಕ್ಕೆ ಕಚ್ಚಿದರೆ ಪಾದ ಅಲ್ಲೇ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಕಣಕಾಲು ಮುರಿಯುತ್ತದೆ. ಗೈಡ್ ಈ ಇಳಿಜಾರು ಸರಿ ಅಂದರೆ ಮಾತ್ರ, ಅದೂ ಬಿಚ್ಚಿಟ್ಟು. ನಡೆದೇ ಇಳಿಯುವುದಾದರೆ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಾಗಿಸಿ, ಚಿಕ್ಕ ಚಿಕ್ಕ ಹೆಜ್ಜೆ. ಹೆದರಿ ಮೈ ಹಿಂದಕ್ಕೆ ವಾಲಿಸಿದಷ್ಟೂ ಜಾರುತ್ತಾನೆ.

ಮಾರನೇ ದಿನ ಸಾಂಕ್ರಿಗೆ ಇಳಿದ ಮೇಲೆ ಬೂಟು ಬಿಚ್ಚಿಸಿ ಉಗುರು, ಬೊಬ್ಬೆ ನೋಡಿ. ತೊಡೆ ಎರಡು ಮೂರು ದಿನ ಕಲ್ಲಾಗಿರುತ್ತದೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಊರಿಗೆ ವಾಪಸ್ ರೈಲಿನಲ್ಲಿ ಬರುವುದಾದರೆ ಅವನಿಗೆ ಅಪ್ಪರ್ ಬರ್ತ್ ಬುಕ್ ಮಾಡಬೇಡಿ.